ಎರಡನೇ ಬಲೆ ಯಾರದು

ಕಳೆದ ವಾರ ನಿಲಂಗಾದ ಸುವರ್ಣಾ ಎಂಬ ಹುಡುಗಿ ಫೋನ್ ಮಾಡಿದಳು. ಉದಗೀರದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿದವಳು. ನಾನು ಮೂವತ್ತು ವರ್ಷ ದುಡಿದ ಕರಾವಳಿಯ ಕಚೇರಿಗೆ ಈಗ ಹೊಸದಾಗಿ ಸೇರಿದ್ದಾಳೆ. ನನ್ನ ನಂಬರನ್ನು ಅಲ್ಲಿನ ಯಾರೋ ಕೊಟ್ಟಿದ್ದರು.

"ಕಾಕಾ, ಒಂದ ಮಾತ ಕೇಳ್ಬೇಕಾಗಿತ್ರಿ. ಇಲ್ಲಿ ಗ್ವಾಡಿಗಿ ಒಂದ ಕಾಗದ ಹಚ್ಯಾರ. ದೋಣ್ಯಾಗ ಏನೇನ ಮಾಡ್ಬೇಕಂತ ಅದ್ರಾಗ ಬರದದ. ಆರನೇ ಸಾಲ್ನ್ಯಾಗ, ಎರಡನೇ ಬಲೆಗೆ ಬಂದದ್ದನ್ನು ಸಮುದ್ರಕ್ಕೆ ಮರಳಿಸತಕ್ಕದ್ದು ಅಂತದ. ಮೊದಲನೇದು ಚೆಲ್ಲೂದು ತಿಳೀತದರಿ, ಜಾಳಿ ತೊಳೀಲಾಕ. ಎರಡನೇದು ಯಾಕ್ರಿ?"

"ನಿಮ್ಮ ಸಾಹೇಬರಿಗಿ ಕೇಳ್ದೇನು?"

"ಕೇಳ್ದೆರಿ. ದೋಣಿ ಪಂಖಾದಿಂದ ಕಲಕಿದ ನೀರು ತಿಳಿ ಆಗ್ಲಿ ಅಂತ ಅಂದ್ರು. ಖರೇ ಏನ್ರಿ?"

ಸುಳ್ಳಲ್ಲ. ಆದರೆ ಆ ಸಾಲು ಹುಟ್ಟಿದ್ದು ಅದಕ್ಕಾಗಿ ಅಲ್ಲ. ಅದರ ಹಿಂದೆ ನನ್ನ ಹನ್ನೊಂದು ವರ್ಷದ ರಿಜಿಸ್ಟರುಗಳು ರದ್ದಿಗೆ ಹೋಗಬೇಕಾಗಿದ್ದ ಪ್ರಸಂಗವಿದೆ. ಫೋನಿನಲ್ಲಿ ಮುಗಿಯುವ ಮಾತಲ್ಲವಾದ್ದರಿಂದ, ಆ ಕೆಲಸಕ್ಕೆ ಹೊಸದಾಗಿ ಸೇರುವ ಎಲ್ಲರಿಗೂ ಆಗಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ. ಕಂಡದ್ದು, ಕೇಳಿದ್ದು ಇವೆರಡನ್ನೇ ಬರೆಯುತ್ತೇನೆ. ಊಹೆ ಇದ್ದಲ್ಲಿ ಊಹೆ ಎಂದು ಹೇಳುತ್ತೇನೆ. ಈ ಅಭ್ಯಾಸ ನನಗೆ ಸಮುದ್ರದಿಂದ ಬಂದದ್ದಲ್ಲ. ನೌಕರಿಗೆ ಮುಂಚೆ ಎರಡು ವರ್ಷ ಉದಗೀರದ ಒಂದು ಸಣ್ಣ ಪತ್ರಿಕೆಗೆ ಸುದ್ದಿ ಬರೆದುಕೊಡುತ್ತಿದ್ದೆ. ಅಲ್ಲಿನ ಸಂಪಾದಕರು ಯಾವ ಸುದ್ದಿ ಕೊಟ್ಟರೂ ಮೂರು ಪ್ರಶ್ನೆ ಕೇಳುತ್ತಿದ್ದರು: ಎಲ್ಲಿ, ಎಷ್ಟು ಗಂಟೆಗೆ, ನೀನೇ ನೋಡಿದೆಯಾ? ಮೂರಕ್ಕೂ ಉತ್ತರವಿಲ್ಲದ ಸುದ್ದಿ ಅವರ ಕಿಟಕಿಯಿಂದ ಹೊರಗೆ ಹೋಗುತ್ತಿತ್ತು.

ನಮ್ಮದು ಉದಗೀರದ ಕಡೆಯ ವಲಾಂಡಿ ಊರು. ಕುರಿ ಸಾಕುವ ಮನೆತನ, ಬೀರಪ್ಪನ ಒಕ್ಕಲು. ನನಗೆ ಸಮುದ್ರದ ನೌಕರಿ ಸಿಕ್ಕಿತೆಂದಾಗ ಮನೆಯಲ್ಲಿ ಯಾರೂ ಸಮುದ್ರ ನೋಡಿರಲಿಲ್ಲ. ನೋಡಿದ ದೊಡ್ಡ ನೀರೆಂದರೆ ಮಾಕಣಿಯ ಧರಣ, ಅಂದರೆ ಅಣೆಕಟ್ಟು. ಅವ್ವ ಕೇಳಿದಳು:

"ಅಲ್ಲಿ ಏನ ಹಿಡೀತಿ?"

"ಪ್ಲಾಂಕ್ಟನ್ ಅಂತವ. ನೀರಾಗ ತೇಲಾಡೂ ಸಣ್ಣ ಜೀವ. ಕೆಲವು ಕಣ್ಣಿಗಿ ಕಾಣಂಗಿಲ್ಲ, ಕೆಲವು ಜ್ವಾಳದ ನುಚ್ಚಿನಷ್ಟ ಇರ್ತಾವ."

"ತಿಂತಾರೇನು?"

"ಇಲ್ಲ. ಮೀನ ತಿಂತಾವ."

"ಮತ್ತ ಮೀನ ಹಿಡಿಯೂದ ಬಿಟ್ಟು ಮೀನಿನ ಊಟಾ ಹಿಡೀಲಾಕ ಸರಕಾರ ಪಗಾರ ಕೊಡ್ತದೇನು?"

ಮೂವತ್ತು ವರ್ಷದಲ್ಲಿ ನಮ್ಮ ಇಲಾಖೆಯ ಬಗ್ಗೆ ಇದಕ್ಕಿಂತ ನೇರವಾದ ಪ್ರಶ್ನೆಯನ್ನು ಯಾವ ತಪಾಸಣಾ ಸಮಿತಿಯೂ ಕೇಳಲಿಲ್ಲ.

ಹೊರಡುವ ದಿನ ಧೂಳಪ್ಪ ಕಾಕಾ ಒಂದು ಬಟ್ಟೆಯ ಗಂಟು ಕೊಟ್ಟರು. ಕಾಕಾ ನಮ್ಮಪ್ಪನ ತಮ್ಮ, ಬೀರಪ್ಪನ ಪೂಜಾರಿ. ಗಂಟಿನಲ್ಲಿ ಭಂಡಾರ, ಅಂದರೆ ದೇವರ ಅರಿಶಿನಪುಡಿ ಇತ್ತು. ನಮ್ಮ ಮನೆಯ ಪದ್ಧತಿ ಹೀಗೆ: ಹಿಂಡು ಹೊಸ ಹುಲ್ಲುಗಾವಲಿಗೆ ಕಾಲಿಟ್ಟಾಗ ಒಂದು ಚಿಟಿಕೆ ಭಂಡಾರ ಉದುರಿಸಿ, ಅಲ್ಲಿ ಕರೆದ ಮೊದಲ ಹಾಲನ್ನು ಬೀರಪ್ಪನ ಹೆಸರಿನಲ್ಲಿ ಆ ನೆಲಕ್ಕೆ ಬಿಡಬೇಕು.

"ಹೊಸ ಜಾಗಾಕ್ಕ ಹೋದಲ್ಲೆಲ್ಲಾ ಮರೀಬ್ಯಾಡ ಮಾಳಪ್ಪ," ಎಂದರು ಕಾಕಾ.

"ಕಾಕಾ, ಅಲ್ಲಿ ನೆಲಾ ಇಲ್ಲರಿ. ನೀರದ."

"ನೀರಿನ ಕೆಳಗ ಏನದ?"

"ನೆಲಾ."

"ಮತ್ತ?"

ಗಂಟನ್ನು ಜೇಬಿಗಿಳಿಸಿದೆ.

ಕೆಲಸ ಹೀಗಿತ್ತು. ಕಚೇರಿ ಇದ್ದದ್ದು ನದಿಯೊಂದು ಸಮುದ್ರ ಸೇರುವ ಊರಿನಲ್ಲಿ. ತಿಂಗಳಿಗೆ ಎರಡು ಸಲ ದೋಣಿಯಲ್ಲಿ ಹೊರಟು ನಾಲ್ಕು ಜಾಗಗಳಲ್ಲಿ ನಿಲ್ಲಬೇಕು. ಮೊದಲನೆಯದು ನದಿಯ ಬಾಯಿಯಲ್ಲಿ, ಎರಡನೆಯದು ಅಳಿವೆಯ ಹೊರಗೆ, ಮೂರನೆಯದು ಒಂದು ಕಲ್ಲುಗುಡ್ಡದ ಹತ್ತಿರ, ನಾಲ್ಕನೆಯದು ತೆರೆದ ಸಮುದ್ರದಲ್ಲಿ. ಪ್ರತಿ ಜಾಗದಲ್ಲಿ ನೀರಿನ ಬಿಸಿ ನೋಡಬೇಕು, ಉಪ್ಪು ನೋಡಲು ಬಾಟಲಿ ತುಂಬಬೇಕು, ಬೆಳಕು ಎಷ್ಟು ಆಳ ಇಳಿಯುತ್ತದೆಂದು ಅಳೆಯಲು ಬಿಳಿ ತಟ್ಟೆಯನ್ನು ಹಗ್ಗದಲ್ಲಿ ಇಳಿಸಬೇಕು. ಕೊನೆಗೆ ಬಲೆ. ಅದು ಗಂಜಿ ಸೋಸುವ ಬಟ್ಟೆಗಿಂತ ನುಣುಪಾದ ಬಟ್ಟೆಯ ಉದ್ದನೆಯ ಚೀಲ. ಬಾಯಿಗೆ ಕಬ್ಬಿಣದ ಬಳೆ, ಬಾಲಕ್ಕೆ ಒಂದು ಬಟ್ಟಲು. ತಳದವರೆಗೆ ಬಿಟ್ಟು ನೇರ ಮೇಲೆ ಎಳೆದರೆ ದಾರಿಯಲ್ಲಿ ಸಿಕ್ಕ ಜೀವಗಳೆಲ್ಲ ಬಟ್ಟಲಿಗೆ ಇಳಿಯುತ್ತವೆ. ಅದನ್ನು ಬಾಟಲಿಗೆ ಸುರಿದು, ಕೆಡದಂತೆ ಫಾರ್ಮಲಿನ್ ಹಾಕಿ, ಚೀಟಿ ಅಂಟಿಸಿ, ರಿಜಿಸ್ಟರಿನಲ್ಲಿ ಬರೆಯಬೇಕು.

ಇದೆಲ್ಲ ಯಾಕೆ ಎಂದು ಹೊಸಬರು ಮೊದಲ ವಾರವೇ ಕೇಳುತ್ತಾರೆ. ದಂಡೆಯಲ್ಲಿ ನಿಂತವರಿಗೆ ಸಮುದ್ರ ಒಂದೇ ನೀರು. ಬಲೆ ಬಿಟ್ಟವರಿಗೆ ಹಾಗಲ್ಲ. ಮಳೆಗಾಲದ ಕೊನೆಗೆ ನದಿಯ ಸಿಹಿನೀರು ಮೇಲೆ ಹಾಸಿಕೊಂಡಿರುತ್ತದೆ, ಉಪ್ಪುನೀರು ಕೆಳಗೆ ಮಲಗಿರುತ್ತದೆ. ಮೇಲಿನದರಲ್ಲಿ ಬದುಕುವ ಜೀವಕ್ಕೆ ಕೆಳಗಿನದು ಆಗದು. ಕೆಸರು ಬಂದರೆ ಬೆಳಕು ಇಳಿಯುವುದಿಲ್ಲ, ಬೆಳಕಿಲ್ಲದಲ್ಲಿ ಹಸಿರು ಕಣ ಬೆಳೆಯುವುದಿಲ್ಲ, ಅದನ್ನು ಮೇಯುವ ಜೀವಗಳೂ ಅಲ್ಲಿರುವುದಿಲ್ಲ. ಅಲೆ ಕರೆದಲ್ಲಿಗೆ ಹೋಗುವ ಬಡಪಾಯಿಗಳು ಎಂದು ಪುಸ್ತಕದಲ್ಲಿ ಓದಿದ್ದೆ. ನೋಡಿದಾಗ ಹಿಂಡಿನ ಹಾಗೆಯೇ ಇದ್ದವು: ಉಪ್ಪು, ಬಿಸಿಲು, ಮೇವು ಇವು ಮೂರು ಹೊಂದಿದಲ್ಲಿ ನಿಲ್ಲುತ್ತವೆ, ಒಂದು ತಪ್ಪಿದರೆ ಆ ಜಾಗದಲ್ಲಿ ಕಾಣುವುದಿಲ್ಲ.

ಮೊದಲ ದಿನ ನಾನು ದೋಣಿ ಹತ್ತಿದ್ದು ಕಂಬಳಿ ಹೊದ್ದುಕೊಂಡು. ದೋಣಿ ನಡೆಸುವ ಬಾಬು ತಾಂಡೇಲ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಎಂತ ಮಾರಾಯ, ಕುರಿಯನ್ನೂ ತಂದಿದ್ಯಾ, ಬರೀ ಚರ್ಮ ಅಷ್ಟೆಯಾ?"

ನದಿಯ ಬಾಯಿ ದಾಟುವ ಮೊದಲೇ ನನ್ನ ಬೆಳಗಿನ ಊಟ ಸಮುದ್ರಕ್ಕೆ ಹೋಯಿತು. "ಮೊದಲನೇ ಸ್ಯಾಂಪಲ್ ನೀನೇ ಕೊಟ್ಟೆ," ಎಂದ ತಾಂಡೇಲ. ಮೀನುಗಳು ಬಂದವು. ಗಂಟು ಬಿಚ್ಚಿ ಒಂದು ಚಿಟಿಕೆ ಭಂಡಾರ ನೀರಿಗೆ ಉದುರಿಸಿದೆ. ಬಲೆ ಬಿಟ್ಟು ಎಳೆದು, ಮೊದಲ ಬಟ್ಟಲನ್ನು ಬೀರಪ್ಪನ ಹೆಸರು ಹೇಳಿ ವಾಪಸ್ ಸುರಿದೆ. ಎರಡನೇ ಸಲ ಎಳೆದದ್ದನ್ನು ಬಾಟಲಿಗೆ ತುಂಬಿದೆ. ನಾಲ್ಕು ಜಾಗದಲ್ಲೂ ಹೀಗೇ ಮಾಡಿದೆ. ನಾಲ್ಕೂ ಹೊಸ ಹುಲ್ಲುಗಾವಲುಗಳೇ ತಾನೆ.

ತಾಂಡೇಲ ಇದನ್ನು ಸರ್ಕಾರಿ ನಿಯಮ ಎಂದುಕೊಂಡ. ಅವನ ತಪ್ಪಲ್ಲ, ನಾನು ಹೇಳಲಿಲ್ಲ. ಭಂಡಾರದ ಒಂದು ಪಾಲನ್ನು ಡಬ್ಬಿಯಲ್ಲಿ ಹಾಕಿ ದೋಣಿಯಲ್ಲೇ ಇಟ್ಟಿದ್ದೆ. ನಾನು ರಜೆಯಲ್ಲಿದ್ದಾಗ ಬಂದ ಬದಲಿ ನೌಕರರಿಗೂ ಅವನೇ ಕಲಿಸಿದ: "ಮೊದಲನೇದು ಸಮುದ್ರಕ್ಕೆ, ಎರಡನೇದು ಆಫೀಸಿಗೆ. ಅರಿಶಿನ ಅಲ್ಲಿ ಡಬ್ಬಿಯಲ್ಲುಂಟು." ಹನ್ನೊಂದು ವರ್ಷ ಹೀಗೆ ನಡೆಯಿತು.

ಇಲ್ಲಿ ನನ್ನ ತಪ್ಪನ್ನು ಸ್ಪಷ್ಟವಾಗಿ ಬರೆಯಬೇಕು. ದೇವರಿಗೆ ಕೊಟ್ಟದ್ದು ತಪ್ಪೋ ಸರಿಯೋ, ಅದು ಬೇರೆ ಮಾತು. ರಿಜಿಸ್ಟರಿನಲ್ಲಿ ಬರೆಯದಿದ್ದದ್ದು ತಪ್ಪು. ಉಳಿದದ್ದೆಲ್ಲ ಬರೆದೆ. ಒಮ್ಮೆ ಬೆಳಕು ಅಳೆಯುವ ಬಿಳಿ ತಟ್ಟೆ ಹಗ್ಗ ಕಡಿದು ತಳ ಸೇರಿತು. ಹೊಸದು ಬರಲು ತಿಂಗಳುಗಳೇ ಹಿಡಿದವು. ಅಲ್ಲಿಯವರೆಗೆ ತಾಂಡೇಲ ಮನೆಯಿಂದ ಊಟದ ತಟ್ಟೆ ತಂದ. ಬಿಳಿ ಪಿಂಗಾಣಿ ಬಳಿದದ್ದು, ಅಂಚಿನಲ್ಲಿ ಕೆಂಪು ಗುಲಾಬಿ. ನಾನು ರಿಜಿಸ್ಟರಿನಲ್ಲಿ ಹೀಗೆ ಬರೆದೆ: "ತಟ್ಟೆ ತಾಂಡೇಲರ ಮನೆಯದು. ಗುಲಾಬಿ ಕಾಣದಾದ ಮೇಲೂ ತಟ್ಟೆ ಕಾಣುತ್ತದೆ. ತಟ್ಟೆ ಕಾಣದಾದ ಆಳವನ್ನೇ ಬರೆದಿದೆ." ತಾಂಡೇಲನ ಹೆಂಡತಿ ಕಚೇರಿಗೇ ಬಂದು ತಟ್ಟೆ ಒಯ್ದದ್ದನ್ನೂ, ವೇಳೆ ಸಮೇತ ಬರೆದಿದ್ದೇನೆ. ಬೀರಪ್ಪನನ್ನು ಮಾತ್ರ ಬರೆಯಲಿಲ್ಲ.

ನನ್ನನ್ನು ಹಿಡಿದುಕೊಟ್ಟದ್ದು ಭಂಡಾರ.

ಆಗಿನ ಮುಖ್ಯಸ್ಥರು ಸೂಕ್ಷ್ಮದರ್ಶಕದ ಕೆಳಗೆ ಒಂದು ಹಳದಿ ಗುಂಡನ್ನು ಕಂಡಿದ್ದರು. ಯಾವ ಪುಸ್ತಕದಲ್ಲೂ ಅದಿರಲಿಲ್ಲ. ಚೆಂದದ ಚಿತ್ರ ಬರೆದರು. ದೂರದ ಊರಿನ ಒಬ್ಬ ತಜ್ಞರಿಗೆ ಕಳಿಸಿದರು. ತಜ್ಞರು ಇನ್ನಷ್ಟು ಮಾದರಿ ಕಳಿಸಿ ಎಂದರು. ಮುಖ್ಯಸ್ಥರು ಸಂತೋಷದಿಂದ ನನಗೆ ಹೆಚ್ಚು ಬಲೆ ಎಳೆಯಲು ಹೇಳಿದರು. ನಾನು ಹೆಚ್ಚು ಎಳೆದೆ, ಆದ್ದರಿಂದ ಹೆಚ್ಚು ಭಂಡಾರ ಉದುರಿಸಿದೆ, ಆದ್ದರಿಂದ ಹೆಚ್ಚು ಗುಂಡು ಸಿಕ್ಕವು. ನನಗೆ ಸಂಶಯ ಬರಲಿಲ್ಲವೇ ಎಂದು ಕೇಳಬಹುದು. ಆ ಗುಂಡನ್ನು ನನಗೆ ಯಾರೂ ತೋರಿಸಿರಲಿಲ್ಲ. ಚಿತ್ರದಲ್ಲಿ ನೋಡಿದ್ದೆ, ಚಿತ್ರ ಪೆನ್ಸಿಲಿನದು.

ಅವರು ವರ್ಗವಾಗಿ ಡಾಕ್ಟರ್ ನಾಯಕ ಮೇಡಂ ಬಂದರು. ಸಣ್ಣ ಆಳು, ಕಡಿಮೆ ಮಾತು, ಮೂಗಿನ ತುದಿಯಲ್ಲಿ ಕನ್ನಡಕ. ಬಂದ ಎರಡನೇ ವಾರ ನನ್ನನ್ನು ಕರೆದರು. ಮೇಜಿನ ಮೇಲೆ ಆ ಚಿತ್ರವಿತ್ತು.

"ಮಾಳಪ್ಪ, ಈ ಜೀವಿ ನದಿಯ ಬಾಯಲ್ಲೂ ಇದೆ, ತೆರೆದ ಸಮುದ್ರದಲ್ಲೂ ಇದೆ. ಸೆಕೆಯಲ್ಲೂ ಇದೆ, ಮಳೆಗಾಲದಲ್ಲೂ ಇದೆ. ಕೆಸರಲ್ಲೂ ಇದೆ, ತಿಳಿನೀರಲ್ಲೂ ಇದೆ. ಇಷ್ಟು ಹೊಂದಿಕೊಂಡು ಹೋಗುವ ಜೀವಿ ಸಮುದ್ರದಲ್ಲಿಲ್ಲ."

"ಮತ್ತ ಎಲ್ಲದರಿ ಮೇಡಂ?"

"ನನ್ನ ಅಂದಾಜು, ಅಡುಗೆಮನೆಯಲ್ಲಿ."

ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಅಯೋಡಿನ್ ಬಿಟ್ಟು, ನೋಡು ಎಂದರು. ಮೊದಲ ಸಲ ನೋಡಿದೆ. ಹಳದಿ ಗುಂಡುಗಳು ಒಂದೊಂದಾಗಿ ಕಪ್ಪುನೀಲಿಯಾದವು. ಪಿಷ್ಟ ಅಯೋಡಿನ್ನಿಗೆ ಹೀಗಾಗುತ್ತದೆಂದು ಶಾಲೆಯಲ್ಲಿ ಓದಿದ್ದೆ. ಹಳದಿ ಬಣ್ಣದ ಪಿಷ್ಟ ನನ್ನ ಜೇಬಿನಲ್ಲೇ ಇತ್ತು.

"ಸೋಮವಾರ ನಾನೂ ದೋಣಿಗೆ ಬರ್ತೇನೆ," ಎಂದರು.

ಸೋಮವಾರ ಮೊದಲ ಜಾಗದಲ್ಲಿ ನಾನು ಡಬ್ಬಿ ತೆಗೆಯಲಿಲ್ಲ. ತಾಂಡೇಲನೇ ತೆಗೆದ. "ಅರಿಶಿನ ಮರೆತ್ಯಾ ಮಾರಾಯ?" ಎಂದು ತಾನೇ ಒಂದು ಚಿಟಿಕೆ ಉದುರಿಸಿದ. ಬಲೆ ಎಳೆದು ಬಟ್ಟಲನ್ನು ತಾನೇ ಸಮುದ್ರಕ್ಕೆ ಸುರಿದು, ಮೇಡಂಗೆ ವಿವರಿಸಿದ: "ಇದು ಸರ್ಕಾರದ ರೂಲು ಮೇಡಂ. ಮೊದಲನೇದು ಇಡೂ ಹಾಗಿಲ್ಲ."

ಮೇಡಂ ಕನ್ನಡಕ ಒರೆಸಿಕೊಂಡು ನನ್ನತ್ತ ತಿರುಗಿದರು. ನಾನು ಎಲ್ಲವನ್ನೂ ಹೇಳಿದೆ. ವಲಾಂಡಿ, ಕಾಕಾ, ಹೊಸ ನೆಲ, ಮೊದಲ ಹಾಲು. ಅವರು ಕೊನೆಗೆ ಒಂದೇ ಪ್ರಶ್ನೆ ಕೇಳಿದರು.

"ತಟ್ಟೆ ಯಾರದು ಅಂತ ಬರೆದವನು, ಬಲೆ ಯಾರದು ಅಂತ ಯಾಕೆ ಬರೆಯಲಿಲ್ಲ?"

ಉದಗೀರದ ಸಂಪಾದಕರು ನೆನಪಾದರು. ಕಿಟಕಿಯೂ ನೆನಪಾಯಿತು.

ಮರುದಿನ ನನ್ನ ಹನ್ನೊಂದು ವರ್ಷದ ರಿಜಿಸ್ಟರುಗಳನ್ನು ಸುತಳಿಯಲ್ಲಿ ಕಟ್ಟಿ ಕಪಾಟಿನ ಮೇಲಿಟ್ಟರು. ಮೇಲೊಂದು ಚೀಟಿ: "ಬಳಸಬೇಡಿ." ಮೇಡಂ ಸಿಟ್ಟಿನಿಂದ ಮಾಡಿದ್ದಲ್ಲ. "ನೀನು ಬರೆದದ್ದು ಸುಳ್ಳು ಅಂತ ನಾನು ಹೇಳ್ತಾ ಇಲ್ಲ. ಬರೆಯದ್ದು ಒಂದಿದೆ ಅಂತ ಗೊತ್ತಾದ ಮೇಲೆ ಬರೆದದ್ದನ್ನೂ ನಂಬೋದು ಕಷ್ಟ. ಇವು ಉಳಿಯಬೇಕೋ ರದ್ದಿಗೆ ಹೋಗಬೇಕೋ, ಸಮುದ್ರವೇ ಹೇಳಲಿ," ಎಂದರು.

ಪರೀಕ್ಷೆ ಮೂರು ತಿಂಗಳು ನಡೆಯಿತು. ಪ್ರತಿ ಜಾಗದಲ್ಲಿ ಮೊದಲ ಬಲೆಯನ್ನು ಒಂದು ಬಾಟಲಿಗೆ, ಎರಡನೆಯದನ್ನು ಇನ್ನೊಂದಕ್ಕೆ ತುಂಬಿದೆವು. ಭಂಡಾರ ನಿಂತಿತು. ದೇವರಿಗೆ ಏನೂ ಇಲ್ಲ. ಆ ಮೂರು ತಿಂಗಳು ನಾನು ದೋಣಿಯಲ್ಲಿ ಕೂತಲ್ಲೇ ತಪ್ಪೊಪ್ಪಿಗೆ ಹೇಳಿಕೊಳ್ಳುತ್ತಿದ್ದೆ. ಕಚೇರಿಗೆ ಬಂದರೆ ಕಪಾಟಿನತ್ತ ಕತ್ತೆತ್ತದೆ ಓಡಾಡುತ್ತಿದ್ದೆ. ಜವಾನ ಧೂಳು ಹೊಡೆಯುವಾಗ ಆ ಕಟ್ಟನ್ನು ಬಿಟ್ಟು ಉಳಿದ ಎಲ್ಲಕ್ಕೂ ಹೊಡೆಯುತ್ತಿದ್ದ. ಚೀಟಿಯನ್ನು ಅವನು ಹಾಗೆ ಅರ್ಥ ಮಾಡಿಕೊಂಡಿದ್ದ ಎಂಬುದು ನನ್ನ ಊಹೆ.

ಮೂರನೇ ತಿಂಗಳ ಕೊನೆಗೆ ಮೇಡಂ ಕರೆದರು. ಎರಡು ಗಾಜಿನ ಪಟ್ಟಿಗಳು, ಎರಡೂ ಎರಡನೇ ಜಾಗದವು, ಅಳಿವೆಯ ಹೊರಗಿನ ಉಪ್ಪುನೀರಿನವು.

"ಮೊದಲ ಬಲೆ ನೋಡು."

ನೋಡಿದೆ. ಉದ್ದ ಮೀಸೆಯ ಕೋಪಿಪಾಡುಗಳೆಂಬ ಸೀಗಡಿಯಂಥ ಸಣ್ಣ ಜೀವಿಗಳ ನಡುವೆ, ನದಿಯ ಬಾಯಿಯ ಸಪ್ಪೆ ನೀರಿನಲ್ಲಷ್ಟೇ ಬದುಕುವ ಗಿಡ್ಡ ಜಾತಿಯವು ಇದ್ದವು.

"ಈಗ ಎರಡನೆಯದು."

ಗಿಡ್ಡ ಜಾತಿಯದು ಒಂದೂ ಇರಲಿಲ್ಲ.

ಅರ್ಥ ಇಷ್ಟೆ. ಒಂದು ಜಾಗದಿಂದ ಇನ್ನೊಂದಕ್ಕೆ ಹೋಗುವಾಗ ನಾವು ಬಲೆಗೆ ಎರಡು ಬಕೆಟ್ ನೀರು ಹೊಯ್ಯುತ್ತಿದ್ದೆವು. ಅಲುಗುವ ದೋಣಿಯಲ್ಲಿ ಅದು ಸಾಲುತ್ತಿರಲಿಲ್ಲ. ಹಿಂದಿನ ಜಾಗದ ಜೀವಗಳು ಬಟ್ಟೆಗೆ ಅಂಟಿಕೊಂಡು ಮುಂದಿನ ಜಾಗದ ಬಟ್ಟಲಿಗೆ ಬರುತ್ತಿದ್ದವು. ಮೇಡಂ ನನಗಿಂತ ಹಿಂದಿನವರ ಹಳೆಯ ರಿಜಿಸ್ಟರ್ ತೆಗೆದು ತೋರಿಸಿದರು. ಅಳಿವೆಯ ಹೊರಗಿನ ಜಾಗದ ಪುಟಗಳಲ್ಲಿ ನದಿಯ ಜೀವಿಗಳು ತುಂಬಿದ್ದವು. ಪಕ್ಕದಲ್ಲಿ ಬೇರೆ ಬೇರೆ ಕೈಬರಹದಲ್ಲಿ ಕಾರಣಗಳು: "ನೆರೆ?" "ಉಬ್ಬರ?" "ಗಾಳಿ?" "ಉಪ್ಪು ತಾಳುವ ಹೊಸ ತಳಿ?" ಎಲ್ಲಕ್ಕಿಂತ ಕೆಳಗೆ ಮೇಡಂ ಹೊಸದಾಗಿ ಬರೆದಿದ್ದರು: "ಬಲೆ ತೊಳೆದಿಲ್ಲ."

"ನಿನ್ನ ಹನ್ನೊಂದು ವರ್ಷದಲ್ಲಿ ಈ ಗೊಂದಲ ಇಲ್ಲ," ಎಂದರು. "ಯಾವ ಜೀವಿ ಯಾವ ಉಪ್ಪಿನಲ್ಲಿ ಇರಬೇಕೋ ಅಲ್ಲೇ ಇದೆ. ಇಳಿಸು ಕಟ್ಟನ್ನು."

ಕುರ್ಚಿ ಹತ್ತಿ ಇಳಿಸಿದೆ. ಧೂಳೆಲ್ಲ ನನ್ನ ಮುಖದ ಮೇಲೆ ಬಿತ್ತು. ಮೇಡಂ ಚೀಟಿ ಹರಿದು, ಪ್ರತಿ ರಿಜಿಸ್ಟರಿನ ಮೊದಲ ಪುಟದಲ್ಲಿ ನನ್ನ ಕೈಯಲ್ಲೇ ಬರೆಸಿದರು: "ಪ್ರತಿ ಜಾಗದಲ್ಲಿ ಮೊದಲ ಬಲೆ ಚೆಲ್ಲಿ, ಎರಡನೆಯದನ್ನು ಇಡಲಾಗಿದೆ. ಹಳದಿ ಕಣ ಅರಿಶಿನ, ಎಣಿಸಬಾರದು."

ಆ ವಾರವೇ ರಜೆ ಹಾಕಿ ವಲಾಂಡಿಗೆ ಹೋದೆ. ಉದಗೀರ ಸ್ಟೇಷನ್ನಿನಲ್ಲಿ ಇಳಿದಾಗಲೇ ಪೇಢೆ ತೆಗೆದುಕೊಂಡೆ. ಬೀರಪ್ಪ ಕಾಪಾಡಿದ, ಅದನ್ನು ವಿಜ್ಞಾನವೇ ಸಾಬೀತು ಮಾಡಿದೆ ಎಂದು ಹೇಳುವ ಉಮೇದು. ಕಾಕಾ ಕುರಿದಡ್ಡಿಯ ಮುಂದೆ ಕೂತು ಉಣ್ಣೆ ನೂಲುತ್ತಿದ್ದರು. ಅವ್ವ ಪಕ್ಕದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಎಲ್ಲ ಹೇಳಿ ಮುಗಿಸಿದೆ. ಕಾಕಾರ ತಕಲಿ ನಿಂತಿತು.

"ಅಂದ್ರ ಮೊದಲನೇ ಜಾಳ್ಯಾಗ ಏನ ಬರ್ತಿತ್ತು?"

"ಹಿಂದಿನ ಜಾಗಾದ ಹೊಲಸು, ಕಾಕಾ. ಅದು ಹೋಗಿದ್ದಕ್ಕ ಎರಡನೇದು ಚೊಕ್ಕ ಬರ್ತಿತ್ತು."

"ಚೊಕ್ಕದ್ದು ಯಾರಿಗಿ ಹೋಯ್ತು?"

"ಆಫೀಸಿಗಿ."

"ಹೊಲಸು?"

ನಾನು ಪೇಢೆಯ ಡಬ್ಬಿ ಕೆಳಗಿಟ್ಟೆ. ಅವ್ವ ಮೊರ ಬದಿಗಿಟ್ಟು ನಗಲು ಶುರು ಮಾಡಿದಳು. "ಅಯ್ಯ ನನ ಮಗನೇ! ಹನ್ನೊಂದ ವರ್ಷ ದೇವ್ರಿಗಿ ಭಾಂಡಿ ತೊಳದ ನೀರ ಕುಡಿಸ್ಯಾನಲ್ಲ!"

"ನಗಬ್ಯಾಡ ವೈನಿ," ಎಂದರು ಕಾಕಾ. ಅವರ ಮುಖದಲ್ಲಿ ನಗು ಇರಲಿಲ್ಲ. "ನಾವು ಮೊದಲನೇ ಹಾಲು ಕೊಡೂಕಿಂತ ಮೊದ್ಲ ಕೆಚ್ಚಲ ತೊಳೀತೀವಿಲ್ಲೋ? ನೀ ಜಾಳಿ ತೊಳದೇನು?"

"ಎರಡ ಬಕೀಟ..."

"ಸಾಲಿಲ್ಲಂತ ನಿಮ್ಮ ಮೇಡಮ್ಮನೇ ಹೇಳ್ಯಾರ. ನೀನೇ ಈಗ ಹೇಳ್ದಿ."

ನಾಯಕ ಮೇಡಂ ಖುಲಾಸೆ ಮಾಡಿದ ಅದೇ ಸಾಕ್ಷ್ಯದ ಮೇಲೆ ಧೂಳಪ್ಪ ಕಾಕಾ ನನ್ನನ್ನು ಅಪರಾಧಿ ಮಾಡಿದರು. ಎರಡೂ ತೀರ್ಪಿನಲ್ಲಿ ಲೋಪ ಹುಡುಕಿದೆ, ಸಿಗಲಿಲ್ಲ. ಶಿಕ್ಷೆಯನ್ನೂ ಕಾಕಾ ಅಲ್ಲೇ ಹೇಳಿದರು.

"ಮೊದಲನೇದು ಜಾಳಿ ತೊಳೀಲಾಕ. ಎರಡನೇದು ಅವಂಗ. ಮೂರನೇದು ಸರಕಾರಕ್ಕ. ನಿನ್ನ ನೌಕರಿ ಮುಗಿಯೂತನ."

"ಮೇಡಂ ಒಪ್ಪಬೇಕಲ್ರಿ ಕಾಕಾ."

"ಆಕಿ ಶ್ಯಾಣ್ಯಾ ಹೆಣ್ಮಗಳು ಅದಾಳ. ಒಪ್ತಾಳ. ಭಂಡಾರ ಮಾತ್ರ ಹಣಿಗಿ ಹಚ್ಚಕೋ, ನೀರಿಗಿ ಬ್ಯಾಡ. ಪಾಪ, ಆಕಿ ಕೆಲಸಾ ಕೆಡ್ತದ."

ವಾಪಸ್ ಹೋದ ದಿನವೇ ಮೇಡಂ ಎದುರು ನಿಂತೆ. ಈ ಸಲ ಏನನ್ನೂ ಮುಚ್ಚಿಡಬಾರದೆಂದು ನಿರ್ಧರಿಸಿದ್ದೆ. ಕಾಕಾರ ತೀರ್ಪನ್ನು ಅವರ ಮಾತಿನಲ್ಲೇ ಹೇಳಿದೆ. ಮೇಡಂ ಕಿಟಕಿಯತ್ತ ತಿರುಗಿದರು. ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದರು. ನಗುತ್ತಿದ್ದರೋ ಇಲ್ಲವೋ ನಾನು ಕಾಣಲಿಲ್ಲ, ಆದ್ದರಿಂದ ಬರೆಯುವುದಿಲ್ಲ.

"ಮೂರನೆಯದು ಎಳೆಯೋಕೆ ಎಷ್ಟು ಹೊತ್ತು ಹೆಚ್ಚು ಬೇಕು?"

"ಚಹಾ ಕುಡಿಯೂವಷ್ಟ ಹೊತ್ತರಿ."

"ದೋಣಿ ಸರಿದು ಹೋಗದ ಹಾಗೆ ಲಂಗರು ಹಾಕಬೇಕು. ಮೂರೂ ಸಲದ ವೇಳೆ ಬರೆಯಬೇಕು. ಎರಡನೆಯದು ಯಾರಿಗೆ ಅಂತ ಬೇಡ. ಮರಳಿಸಿದೆ ಅಂತ ಬರಿ. ಎರಡು ಸಲ ತೊಳೆದರೆ ಬಲೆಗೇನೂ ನಷ್ಟ ಇಲ್ಲ."

ಒಪ್ಪದವನು ತಾಂಡೇಲ ಒಬ್ಬನೇ. "ಮೂರು ಸಲ ಎಳೀಬೇಕಾ? ನಿನ್ನ ದೇವರಿಗೆ ನನ್ನ ಸೊಂಟ ಕಾಣೂದಿಲ್ವಾ ಮಾರಾಯ?" ಎಂದ. ಆದರೂ ಎಳೆದ. ಕೆಲವು ವರ್ಷಗಳಲ್ಲಿ ಹಗ್ಗ ಎಳೆಯುವ ಯಂತ್ರ ಬಂತು. ಅದನ್ನು ತನ್ನ ಸೊಂಟ ನೋಡಿ ಬೀರಪ್ಪನೇ ಕಳಿಸಿದ್ದೆಂದು ಅವನು ಇಂದಿಗೂ ನಂಬಿದ್ದಾನೆ.

ಮೇಡಂ ಹೋದರು, ಬೇರೆಯವರು ಬಂದರು. ಮೇಡಂ ಬರೆಸಿದ ಕ್ರಮವನ್ನು ಯಾರೋ ಟೈಪ್ ಮಾಡಿಸಿ ಗೋಡೆಗೆ ಅಂಟಿಸಿದರು. ಆರನೇ ಸಾಲಿಗೆ ಒಬ್ಬರು ಪಂಖದ ಕಾರಣ ಕೊಟ್ಟರು, ಒಬ್ಬರು ಬಟ್ಟೆ ಚೆನ್ನಾಗಿ ನೆನೆಯಲಿ ಎಂಬ ಕಾರಣ ಕೊಟ್ಟರು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ.

ಮೊದಲು ಕೇಳಿದವಳು ಸುವರ್ಣಾ. ಇಷ್ಟನ್ನು ಬರೆದು ಮುಗಿಸಿ ನಿನ್ನೆ ಅವಳಿಗೆ ಫೋನಿನಲ್ಲಿ ಓದಿ ಹೇಳಿದೆ. ಬಹಳ ಹೊತ್ತು ನಕ್ಕಳು. ಆಮೇಲೆ ದನಿ ತಗ್ಗಿಸಿ ಕೇಳಿದಳು:

"ಕಾಕಾ, ನಮ್ಮ ಮನಿ ದೇವರು ಬ್ಯಾರೇರಿ. ನಾ ಚೆಲ್ಲಿದ್ದು ಬೀರಪ್ಪಗ ನಡೀತದೇನ್ರಿ?"

"ನಡೀತದವ್ವ. ಮೊದಲನೇದು ಚಂದಾಗಿ ಚೆಲ್ಲಿರಬೇಕು, ಅಷ್ಟ."